ಒಂದು ಸೌದೆ ಈಚೆಗೆ

ಹನಗೋಡಿನಲ್ಲಿ ನಾವು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದವರು ಪಕ್ಕದ ಮನೆಯ ಮಾವ. ಶಾಖ ಏರಿದರೆ ಅವರದು ಒಂದೇ ಮಾತು: "ಒಂದ್ ಸೌದೆ ಈಚೆಗೆಳಿ ಕಣ್ಲಾ, ಸೊಪ್ಪೆಲ್ಲಾ ಸುಟ್ಟೋಯ್ತದೆ."

2002ರಲ್ಲಿ ನಮ್ಮ ಮತ್ತು ನೆರೆಯ ದೇಶದ ಸೈನ್ಯಗಳು ಗಡಿಯಲ್ಲಿ ಎದುರುಬದುರು ನಿಂತಿದ್ದವು. ಮಾವನ ಮಗನೂ ಅಲ್ಲಿದ್ದ. ಎಲ್ಲರ ದನಿ ಕದಿಯುವ ಕಪಿ ನಾನು. ಒಂದು ಸಂಜೆ ಬ್ಯಾರನ್ ಮುಂದೆ ರೇಡಿಯೋ ವಾರ್ತೆಯವರ ಗತ್ತಿನಲ್ಲಿ, "ಯುದ್ಧ ಆರಂಭವಾಗಿದೆ" ಎಂದುಬಿಟ್ಟೆ.

ಮಾವನ ಕೈಯಿಂದ ಸೌದೆ ಜಾರಿತು. ನಾನು ಹಲ್ಲು ಕಿರಿದಾಗ ತಮಾಷೆಯೆಂದು ಗೊತ್ತಾದರೂ ಬೈಯಲಿಲ್ಲ. ಒಲೆಯಿಂದ ಉರಿಯುವ ಸೌದೆಯೊಂದನ್ನು ಎಳೆದು ಹಾಕಿ, "ಅದೇ ದನೀಲಿ ಇನ್ನೊಂದ್ ಸುದ್ದಿ ಯೋಳು. ಎರಡೂ ಕಡೆಯೋರು ಒಂದೊಂದ್ ಸೌದೆ ಈಚೆಗೆಳುದ್ರು ಅಂತ" ಎಂದರು.

ಹೇಳಿದೆ. ಅದೇ ವಾರ್ತೆಯವರ ಗತ್ತಿನಲ್ಲಿ.

ಯುದ್ಧವಾಗದೆ ಸೈನ್ಯಗಳು ಹಿಂದೆ ಸರಿದು, ಮಗ ರಜಕ್ಕೆ ಬಂದಾಗ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಯುದ್ಧ ನಿಲ್ಸಿದ್ದು ಇವ್ನೇ ಕಣ್ಲಾ ಮಗ" ಎಂದರು. ಆವತ್ತು ಉಬ್ಬಿದ ನನ್ನ ಎದೆ ಇನ್ನೂ ಇಳಿದಿಲ್ಲ.