ಮರೆವ್ವ ಕೇಳಿದ ಪ್ರಶ್ನೆ

ನಮ್ಮ ಶಾಲೆಗೆ ಎಲ್ಲರಿಗಿಂತ ಮೊದಲು ಬರುವವರು ಮರೆವ್ವ. ಮೂಡಲಗಿಯಿಂದ ಏಳು ಕಿಲೋಮೀಟರು ದೂರದ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಅದು. ಬೆಳಿಗ್ಗೆ ಎಂಟಕ್ಕೆಲ್ಲ ಅಡುಗೆ ಕೋಣೆಯ ಬೀಗ ತೆಗೆದು ಅಕ್ಕಿ ಆರಿಸುತ್ತ ಕೂತಿರುತ್ತಾರೆ. ನೂರಾ ನಲವತ್ತು ಮಕ್ಕಳ ಬಿಸಿಯೂಟ ಅವರ ಕೈಯಲ್ಲಿ. ಮಕ್ಕಳಿಗೆ ಅವರು ಆಯಿ, ನನಗೆ ಕಾಕು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ಅವರು ನನ್ನನ್ನು ಕರೆಯುವುದು ಅಕ್ಕೋರ ಎಂದೇ.

ನಾನು ನೇತ್ರಾ, ಹುಕ್ಕೇರಿಯವಳು. ಆರು ವರ್ಷದ ಹಿಂದೆ ವಿಜ್ಞಾನ ಶಿಕ್ಷಕಿಯಾಗಿ ಇಲ್ಲಿಗೆ ಬಂದೆ. ದಿನಾ ಹುಕ್ಕೇರಿಯಿಂದ ಓಡಾಡುವುದು ಆಗದೆ ಗೋಕಾಕದಲ್ಲಿ ಒಂದು ರೂಮು ಹಿಡಿದೆ. ಅಲ್ಲಿಂದ ಬರುವ ಬಸ್ಸು ಶಾಲೆಯ ಮುಂದೆ ನಿಲ್ಲುವುದು ಒಂಬತ್ತೂವರೆಗೆ.

ಇದೇ ನನಗೆ ಮೊದಲ ಜೂನ್‌ನಲ್ಲಿ ತೊಡಕಾಯಿತು. ಏಳನೆಯ ತರಗತಿಗೆ ಹವಾಮಾನದ ಪಾಠ ಮಾಡುವಾಗ ಮಳೆಮಾಪಕ ಮಾಡಿಸಿದ್ದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕೊಯ್ದು, ಅದನ್ನೇ ತಲೆಕೆಳಗಾಗಿ ಮೇಲೆ ಕೂರಿಸಿದ್ದೆವು. ತಳದ ಉಬ್ಬುತಗ್ಗಿಗೆ ಸಣ್ಣ ಕಲ್ಲು ತುಂಬಿ, ಅವು ಮುಳುಗುವಷ್ಟು ನೀರು ಹಾಕಿ, ಆ ಮಟ್ಟದಿಂದ ಮೇಲಕ್ಕೆ ಹೊರಗೆ ಸ್ಕೇಲಿನ ಪಟ್ಟಿ ಅಂಟಿಸಿದ್ದೆವು. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಬೇಕು ಎಂದು ಮಕ್ಕಳಿಗೆ ಹೇಳಿದೆ. ಎಂಟೂವರೆಗೆ ಅಲ್ಲಿ ನಾನೇ ಇರುತ್ತಿರಲಿಲ್ಲ.

"ನಾ ಇರತೇನಲ್ರಿ ಅಕ್ಕೋರ. ನಾ ನೋಡತೇನಿ" ಎಂದರು ಮರೆವ್ವ.

"ಬರಿಯಾಕ ಬರತೈತ್ರಿ ಕಾಕು?"

"ಸಾಲಿಗಿ ಮೂರನೇತ್ತಾ ತನಕ ಹೋಗೀನ್ರಿ. ಆಮ್ಯಾಲ ನಮ್ಮಪ್ಪ ಕುರಿ ಹಿಂದ ಕಳಸಿದ. ಅಂಕಿ ಬರತಾವು. ಅಕ್ಷರಾ ಕೂಡಿಸಿ ಕೂಡಿಸಿ ಓದತೇನಿ."

ಅಂದಿನಿಂದ ಅಡುಗೆ ಕೋಣೆಯ ಕಿಟಕಿಯಲ್ಲಿ ಒಂದು ನೋಟ್‌ಬುಕ್ ಬಂತು. ರವಿವಾರವೂ ರಜೆಯಲ್ಲೂ ಅದರಲ್ಲಿ ಅಂಕಿ ಇರುತ್ತಿತ್ತು. ಮಳೆ ಬಾರದ ದಿನ ದೊಡ್ಡದೊಂದು ಸೊನ್ನೆ.

ಅವರ ಗಂಡ ಮಾಲಿಂಗ ಕುರಿ ಕಾಯುವವರು. ಶಾಲೆಯ ಬೇಲಿಯ ಬಾಜೂ ಕುರಿ ಹೊಡೆದುಕೊಂಡು ಹೋಗುವಾಗ ಬಾಟಲಿ ನೋಡಿ ಒಮ್ಮೆ ನಕ್ಕಿದ್ದರು. "ಮಳಿ ಎಷ್ಟಾತಂತ ಬಾಟ್ಲಿಗೇನ ಗೊತ್ತ? ಹೊಲದಾಗ ಕೈ ಹಾಕಿ ನೋಡಬೇಕು, ಎಷ್ಟ ಬೆರಳ ಹಸಿ ಇಳದೈತಿ ಅಂತ."

ಹೆಂಡತಿಗೆ ಆ ಮಾತು ನಾಟಿತೆಂದು ಕಾಣುತ್ತದೆ. ಆ ಮಳೆಗಾಲದುದ್ದಕ್ಕೂ ಮಳೆ ಬಿದ್ದ ಮರುದಿನ ಬಾಟಲಿಯ ಅಂಕಿ ಬರೆದು, ಶಾಲೆಯ ಹಿಂದಿನ ಎರೆ ಹೊಲಕ್ಕೆ ಹೋಗಿ, ಮಣ್ಣು ಬಗೆದು, ಬೆರಳಿಟ್ಟು ನೋಡಿ ಬಂದಿದ್ದಾರೆ. ದೀಪಾವಳಿ ರಜೆ ಮುಗಿಸಿ ಬಂದಾಗ ನೋಟ್‌ಬುಕ್ ನನ್ನ ಕೈಗಿಟ್ಟರು. ಪ್ರತಿ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ. ನಮ್ಮ ಹೊಲದಲ್ಲಿ ನಾಲ್ಕು ಬೆರಳು ಹಸಿಯಾಗಲು ಹೆಚ್ಚುಕಡಿಮೆ ಹದಿನೈದು ಮಿಲಿಮೀಟರು ಬೇಕು, ಗೇಣು ಹಸಿಗೆ ನಲವತ್ತರ ಸುಮಾರು. ಇದು ಯಾವ ಪಾಠದಲ್ಲೂ ಇರಲಿಲ್ಲ. ಈಗ ಹವಾಮಾನದ ಪಾಠವನ್ನು ನಾನು ಆ ನೋಟ್‌ಬುಕ್ ಹಿಡಿದೇ ಶುರು ಮಾಡುತ್ತೇನೆ. ಮಿಲಿಮೀಟರು ಎಂದರೆ ಕಣ್ಣು ಮಿಟುಕಿಸುವ ಮಕ್ಕಳು, ಗೇಣು ಹಸಿ ಎಂದರೆ ತಲೆಯಾಡಿಸುತ್ತಾರೆ.

ಮರುವರ್ಷ ಜುಲೈನಲ್ಲಿ ಎಂಟನೆಯ ತರಗತಿಗೆ ಜೀವಕೋಶದ ಪಾಠ ಬಂತು. ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ನಾಲ್ಕು ವರ್ಷದಿಂದ ಪೆಟ್ಟಿಗೆಯಲ್ಲಿದ್ದದ್ದನ್ನು ಹೊರತೆಗೆದು, ಒರೆಸಿ, ಕಿಟಕಿಯ ಬೆಳಕಿಗೆ ಇಟ್ಟೆ. ನೋಡಬೇಕಾದದ್ದು ಉಳ್ಳಾಗಡ್ಡಿಯ ಪೊರೆಯನ್ನು. ಬಣ್ಣಕ್ಕೆ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿದ್ದ ಅಯೋಡಿನ್ ಇತ್ತು.

ಖರೆ ಹೇಳಬೇಕೆಂದರೆ, ನಾನು ಅದನ್ನು ಕಾಲೇಜಿನಲ್ಲಿ ಒಂದೇ ಸಲ ಮಾಡಿದ್ದೆ, ಅದೂ ಗೆಳತಿ ಬಿಡಿಸಿಕೊಟ್ಟ ಪೊರೆಯಲ್ಲಿ. ಚಿಮುಟದಿಂದ ಎಳೆದರೆ ಹರಿಯಿತು. ಬ್ಲೇಡಿನಿಂದ ಕೆರೆದರೆ ಮುದುಡಿತು. ಮೂರನೆಯದನ್ನು ಹೇಗೋ ಗಾಜಿನ ಮೇಲೆ ಕೂರಿಸಿದೆ. ಮೊದಲು ನೋಡಿದವಳು ಭಕ್ತಿ, ತರಗತಿಯ ಚುರುಕು ಹುಡುಗಿ.

"ಅಕ್ಕೋರ, ಬರೇ ಕರೀ ಉಂಗುರ ಕಾಣಾಕತ್ತಾವ್ರಿ."

ಗಾಳಿಯ ಗುಳ್ಳೆಗಳು. ನಾನು ಬೆವರೊರೆಸಿಕೊಳ್ಳುವಾಗ ಬಾಗಿಲಲ್ಲಿ ಮರೆವ್ವ ನಿಂತಿದ್ದರು. ಇನ್ನಷ್ಟು ಉಳ್ಳಾಗಡ್ಡಿ ಬೇಕೇನೋ ಎಂದು ಕೇಳಲು ಬಂದವರು.

"ಅಕ್ಕೋರ, ಕೊಡ್ರಿ ಇಲ್ಲಿ" ಎಂದು ಒಳಗೆ ಬಂದರು. ಒಂದು ಎಸಳು ತೆಗೆದುಕೊಂಡು ಹಿಮ್ಮುಖವಾಗಿ ಬಾಗಿಸಿ ಲಟಕ್ಕನೆ ಮುರಿದರು. ಒಳಮೈಯ ಪೊರೆ ಮುರಿಯದೆ ಉಳಿದಿತ್ತು. ಉಗುರಿನ ತುದಿಯಲ್ಲಿ ಅದನ್ನು ಹಿಡಿದು ನಿಧಾನವಾಗಿ ಎಳೆದರು. ಬೆರಳಗಲದ ಪೊರೆ ಒಂದು ಸುಕ್ಕೂ ಇಲ್ಲದೆ ಬಿಡಿಸಿಕೊಂಡು ಬಂತು. ಅಯೋಡಿನ್ ಬೆರೆತ ನೀರಿನ ಹನಿಯ ಮೇಲೆ ಹಾಸಿ, ಒಂದು ಬದಿಯಿಂದ ಮೆಲ್ಲಗೆ ಒತ್ತಿದರು. "ದಿನಾ ಐದು ಕಿಲೋ ಬಿಡಸತೇನ್ರಿ. ಇದು ಕೈಗೆ ಅಂಟಕೊಂಡ ಕಾಡತಿರತೈತಿ."

ಆಗ ಕಂಡವು. ಒಂದಕ್ಕೊಂದು ಹತ್ತಿಕೊಂಡ ಉದ್ದನೆಯ ಮನೆಗಳು, ಪ್ರತಿ ಮನೆಯಲ್ಲೊಂದು ಕಂದು ಚುಕ್ಕೆ. ಮೂವತ್ತೊಂದು ಮಕ್ಕಳು ಸಾಲಾಗಿ ನೋಡಿದರು. ಕೊನೆಗೆ ಮರೆವ್ವ. ಸೆರಗು ಕಟ್ಟಿ, ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಇಷ್ಟ ವರ್ಷ ಹೆಚ್ಚೀನಿ" ಎಂದರು. "ಒಳಗ ಹಿಂಗ ಕಟ್ಯಾರಂತ ಗೊತ್ತಿರಲಿಲ್ಲ ನೋಡ್ರಿ. ನಮ್ಮ ಮೈಯಾಗೂ ಹಿಂಗ ಅದಾವೇನ್ರಿ?"

"ಅದಾವು ಕಾಕು. ಕೋಟಿಗಟ್ಟಲೆ."

ಆ ಗಂಟೆ ಮುಗಿಯುವವರೆಗೂ ಅವರು ಬಾಗಿಲ ಬಳಿಯೇ ಕೂತರು. ಒಂದು ಕೋಶ ಎರಡಾಗುವುದು, ಹಳೆಯವು ಸತ್ತು ಹೊಸವು ಬರುವುದು, ಗಾಯ ಮಾಯುವುದು ಹೀಗೆಯೇ ಎಂಬುದನ್ನೆಲ್ಲ ಕೇಳಿಸಿಕೊಂಡರು.

ಮರುದಿನ ಮಧ್ಯಾಹ್ನ ಊಟ ಮಾಡಿದ ಮಕ್ಕಳ ಲೆಕ್ಕವನ್ನು ನಾನು ಮೊಬೈಲಿನಲ್ಲಿ ತುಂಬುತ್ತಿದ್ದೆ. ನೆಟ್‌ವರ್ಕ್ ಸಿಗದೆ ಅಂಗಳದ ಮೂಲೆಯಲ್ಲಿ ಕೈ ಎತ್ತಿ ನಿಂತಿದ್ದೆ. ಮರೆವ್ವ ಹತ್ತಿರ ಬಂದರು.

"ಅಕ್ಕೋರ, ಒಂದ ಮಾತ ಕೇಳ್ಲೇನ್ರಿ? ಆ ಜೀವಕೋಶ ಎರಡಾಗಿ ನಾಕಾಗಿ ಬೆಳೀತಾವು ಅಂದ್ರಲ್ಲ. ಬೆಳಿಯೂದು ನಿಲ್ಲದಿದ್ರ?"

"ನಿಲ್ಲದಿದ್ರ ಗಂಟಾಗತೈತ್ರಿ ಕಾಕು. ಅದಕ್ಕ ಕ್ಯಾನ್ಸರ್ ಅಂತಾರ."

"ಗುಣಾ ಆಗೂದಿಲ್ಲೇನ್ರಿ?"

"ಲಗೂನ ದವಾಖಾನಿಗಿ ಹೋದ್ರ ಆಗತೈತಿ. ತಡಾ ಮಾಡಬಾರದು" ಎಂದೆ. ಅಷ್ಟರಲ್ಲಿ ನೆಟ್‌ವರ್ಕ್ ಬಂತು. ನಾನು ಮೊಬೈಲ್ ನೋಡುತ್ತ ಒಳಗೆ ಹೋದೆ. ಅವರ ಮುಖ ನೋಡಲಿಲ್ಲ.

ನಾಲ್ಕು ದಿನದ ಮೇಲೆ ಅವರು ಹೆಡ್‌ಮಾಸ್ತರ ಗಜಾನನ ಸರ್ ಹತ್ತಿರ ಒಂದು ದಿನ ರಜೆ ಕೇಳಿದರು, ಘಟಪ್ರಭಾದಲ್ಲಿ ಕೆಲಸವಿದೆ ಎಂದು. ಮರುದಿನ ಬಂದು ಎಂದಿನಂತೆ ಅಡುಗೆ ಮಾಡಿದರು. ಪಾತ್ರೆಗಳನ್ನೆಲ್ಲ ಬೋರಲು ಹಾಕಿದ ಮೇಲೆ ನನ್ನ ಕೋಣೆಗೆ ಬಂದರು.

"ಅಕ್ಕೋರ, ಶನಿವಾರ ಮಧ್ಯಾನಾ ನಿಮಗ ಪುರಸೊತ್ತ ಐತೇನ್ರಿ? ಡಾಕ್ಟರ್ ಬಾಯಾರು ಯಾರನ್ನಾರ ಜೋಡಿ ಕರಕೊಂಡ ಬರ್ರಿ ಅಂದಾರ."

"ಯಾಕ್ರಿ ಕಾಕು? ಏನಾಗೇತಿ?"

"ಬಸ್ಸಿನ್ಯಾಗ ಹೇಳತೇನ್ರಿ."

ಘಟಪ್ರಭಾದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಮತ್ತೆ ರಕ್ತ ಕಾಣಿಸಿಕೊಂಡು ಐದು ತಿಂಗಳು. ಉಷ್ಣವೆಂದು ಸುಮ್ಮನಿದ್ದರು. ಗಂಡನಿಗೂ ಹೇಳಿರಲಿಲ್ಲ. "ಅವರು ಕುರಿ ಬಿಟ್ಟ ಓಡಿ ಬರತಿದ್ರು. ಮತ್ತ ಇಂಥಾದ್ದು ಗಂಡಸರ ಮುಂದ ಹೆಂಗ ಹೇಳೂದ್ರಿ? ನೀವು ಅವತ್ತು ಹೇಳಿದ ಮ್ಯಾಲ ನಿದ್ದಿ ಬರಲಿಲ್ಲ. ಒಬ್ಬಾಕಿನ ಹೋಗಿ ದವಾಖಾನ್ಯಾಗ ಹೆಸರ ಹಚ್ಚಿಸಿದೆ."

ಆಗ ನನಗೆ ಹೊಳೆಯಿತು, ಅಂಗಳದಲ್ಲಿ ಅವರು ಕೇಳಿದ್ದು ಪಾಠದ ಪ್ರಶ್ನೆಯಾಗಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಒರಟಾದ, ಬೆಚ್ಚಗಿನ ಕೈ. ಬಸ್ಸು ನಿಲ್ಲುವವರೆಗೂ ಬಿಡಲಿಲ್ಲ.

ಡಾಕ್ಟರು ಸಮಾಧಾನದ ಹೆಂಗಸು. ಗರ್ಭಕೋಶದ ಬಾಯಿಯಿಂದ ಒಂದಿಷ್ಟು ತೆಗೆದು ಗಾಜಿನ ಮೇಲೆ ಹಚ್ಚಿ ಪರೀಕ್ಷೆಗೆ ಕಳಿಸುತ್ತೇವೆ, ಹೆದರಬೇಡಿ ಎಂದರು. "ಬಹಳ ಮಂದಿ ಇದಕ್ಕ ಒಪ್ಪೂದ ಇಲ್ಲ" ಎಂದೂ ಸೇರಿಸಿದರು.

"ಗಾಜಿನ ಮ್ಯಾಲ ಹಚ್ಚೂದು ನಂಗ ಗೊತ್ತೈತ್ರಿ" ಎಂದರು ಮರೆವ್ವ. "ಬಣ್ಣಾ ಹಾಕಿ ನೋಡತಾರ. ನಮ್ಮ ಸಾಲ್ಯಾಗ ಮಾಡೇವಿ. ನಂದು ನಂಗೂ ಒಮ್ಮಿ ತೋರಸ್ರಿ."

ಡಾಕ್ಟರು ನನ್ನ ಮುಖ ನೋಡಿದರು. ಅಡುಗೆಯವರು ಎಂದೆ. ಅವರು ನಕ್ಕು, ನೋಡುವುದು ಬೆಳಗಾವಿಯಲ್ಲಿ, ಅಲ್ಲಿ ಹೋದರೆ ಕೇಳಿ ನೋಡಿ ಎಂದರು.

ಹೋಗಬೇಕಾಗಿಯೇ ಬಂತು. ಹತ್ತು ದಿನದ ಮೇಲೆ ವರದಿ ಬಂದಾಗ ಕೋಶಗಳು ಕೆಟ್ಟಿದ್ದವು. ಇನ್ನೊಂದು ಪರೀಕ್ಷೆ ಮಾಡಿ, ಆಳಕ್ಕೆ ಇಳಿದಿಲ್ಲವೆಂದು ಖಚಿತವಾದರೆ ಗರ್ಭಕೋಶ ತೆಗೆಯುವುದೆಂದಾಯಿತು. ಆ ಸಂಜೆ ಮರೆವ್ವನ ಮನೆಗೆ ನಾನೂ ಹೋದೆ. ಮಾಲಿಂಗ ಕುರಿಗಳನ್ನು ಹಟ್ಟಿಗೆ ಕೂಡಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ಮರೆವ್ವ ಎಲ್ಲವನ್ನೂ ಹೇಳಿದರು. ಅವರು ತಲೆಯ ಪಟಕಾ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. "ಐದ ತಿಂಗಳ ಒಬ್ಬಾಕಿನ ಹೊತ್ತಿ?" ಎಂದರು. ಆ ಮೇಲೆ ನನ್ನ ಕಡೆ ತಿರುಗಿ, "ಯಾವತ್ತ ಹೋಗೂದ್ರಿ ಅಕ್ಕೋರ?" ಎಂದು ಕೇಳಿದರು. ಅಷ್ಟೇ.

ಆಗಸ್ಟ್ ಕೊನೆಯಲ್ಲಿ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮರೆವ್ವನ ತಂಗಿ ಕೆಂಪವ್ವ ದವಾಖಾನೆಯಲ್ಲಿ ಉಳಿದರು. ಹೆಂಗಸರ ವಾರ್ಡಿನಲ್ಲಿ ಗಂಡಸರನ್ನು ಇರಗೊಡುವುದಿಲ್ಲವೆಂದು ಮಾಲಿಂಗ ಮೂರನೆಯ ದಿನ ಊರಿಗೆ ಮರಳಿದರು. ಮರುದಿನ ನಾನು ಬಸ್ಸಿಳಿದಾಗ ಅವರು ಶಾಲೆಯ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಜೋಳದ ದಂಟು.

"ಆಕಿ ಎಂಟೂವರೆಗೆ ನೋಡ ಅಂತ ಹೇಳ್ಯಾಳ್ರಿ. ನನಗ ಅಂಕಿ ಬರೂದಿಲ್ಲ. ಬಾಟ್ಲಿ ಮ್ಯಾಲಿನ ಪಟ್ಟಿ ಬುಡಕ್ಕ ಹಿಡದು, ನೀರ ಎಲ್ಲಿತನಕ ಐತಿ ಅಲ್ಲಿಗಿ ಉಗುರಲೆ ಗೀರೇನಿ. ಎಷ್ಟಾತ ನೋಡ್ರಿ."

ಸ್ಕೇಲು ಹಿಡಿದು ನೋಡಿದೆ. ಒಂಬತ್ತು ಮಿಲಿಮೀಟರು. ಅಡುಗೆ ಕೋಣೆಯ ನೋಟ್‌ಬುಕ್ಕಿನಲ್ಲಿ ಬರೆದೆ. ಹೆಂಡತಿ ಮರಳಿ ಬರುವವರೆಗೆ ಅವರು ಒಂದು ದಿನವೂ ತಪ್ಪಿಸಲಿಲ್ಲ.

ಆ ರವಿವಾರ ನಾನು ಬೆಳಗಾವಿಗೆ ಹೋದೆ. ಮರೆವ್ವ ದಿಂಬಿಗೆ ಒರಗಿ ಕೂತಿದ್ದರು. ಬಡವಾಗಿದ್ದರು, ಆದರೆ ಮಾತು ಮೊದಲಿನದೇ. ಪಟ್ಟು ಹಿಡಿದು ಕೇಳಿ, ತಮ್ಮ ಕೋಶಗಳನ್ನು ಅಲ್ಲಿನ ಡಾಕ್ಟರ ಕಂಪ್ಯೂಟರಿನಲ್ಲಿ ನೋಡಿಯೇ ಬಿಟ್ಟಿದ್ದರು.

"ಚಲೋವು ಸಾಲ ಹಿಡದ ಕುಂತಿದ್ದೂರಿ, ನಮ್ಮ ಉಳ್ಳಾಗಡ್ಡಿ ಹಂಗ. ಕೆಟ್ಟವು ಹೆಂಗಿದ್ದೂ ಅಂದ್ರ, ಘಟಪ್ರಭಾ ಸ್ಟ್ಯಾಂಡಿನ್ಯಾಗ ಬಸ್ ಬಂದ ಕೂಡ್ಲೆ ಮುಕರತಾರಲ್ರಿ ಮಂದಿ, ಹಂಗ. ಒಂದರ ಮ್ಯಾಲ ಒಂದು."

ನಾನು ನಗುತ್ತಲೇ ಅತ್ತುಬಿಟ್ಟೆ. ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೇಳಿದೆ. "ಕಾಕು, ಅವತ್ತು ನೀವು ಕೇಳಿದಾಗ ನಾ ನಿಮ್ಮ ಮಾರಿ ಸೈತ ನೋಡಲಿಲ್ರಿ. ನೋಡಿದ್ರ ಅವತ್ತ ತಿಳೀತಿತ್ತು. ಒಬ್ಬರ ಹೋಗಬೇಕಾಗತಿರಲಿಲ್ಲ."

"ನೋಡಿದ್ರ ನಾ ಕೇಳತಿದ್ದಿಲ್ರಿ" ಎಂದರು ಅವರು. "ನೀವು ಮೊಬೈಲ್ ನೋಡಾಕತ್ತೀರಿ ಅಂತನ ಧೈರ್ಯಾ ಬಂತು. ನೀವು ಖರೇ ಉತ್ತರಾ ಕೊಟ್ರಿ. ಏನಾಗೂದಿಲ್ಲ ಅಂತ ಹೇಳಿ ಸಾಗ ಹಾಕಲಿಲ್ಲ. ನಂಗ ಅದ ಬೇಕಾಗಿತ್ತು." ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, "ಉಂಡ ಬಂದೀರಿಲ್ಲೋ?" ಎಂದರು.

ಬೇರೆ ಔಷಧ, ಊರವರು ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಯಾವುದೂ ಬೇಕಾಗಲಿಲ್ಲ. ನಾಲ್ಕೈದು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಬೇಕೆಂದಿದ್ದರು. ಈಗ ವರ್ಷಕ್ಕೊಮ್ಮೆ ಸಾಕು ಎನ್ನುತ್ತಿದ್ದಾರೆ. ಎರಡು ತಿಂಗಳ ಮೇಲೆ ಅಡುಗೆಗೆ ಮರಳಿದರು. ದೊಡ್ಡ ಪಾತ್ರೆಯನ್ನು ಮಾತ್ರ ಗಜಾನನ ಸರ್ ಎತ್ತಗೊಡಲಿಲ್ಲ, ಇಳಿಸುವ ಹೊತ್ತಿಗೆ ತಾವೇ ತೋಳು ಮಡಚಿಕೊಂಡು ಬರುತ್ತಿದ್ದರು.

ಅವರು ಸುಮ್ಮನೆ ಕೂರುವವರಲ್ಲ. ಮರುವರ್ಷದ ಯುಗಾದಿ ಮುಗಿದ ಮೇಲೆ ಓಣಿಯ ಏಳು ಹೆಂಗಸರನ್ನು ಒಂದು ಟೆಂಪೋದಲ್ಲಿ ಕೂರಿಸಿ ಘಟಪ್ರಭಾಕ್ಕೆ ಕರೆದೊಯ್ದರು. ಮನೆಮನೆಗೆ ಹೋಗಿ ಒಪ್ಪಿಸಿದ್ದೂ ಅವರೇ. ಏಳರಲ್ಲಿ ಆರು ಮಂದಿಗೆ ಏನೂ ಇರಲಿಲ್ಲ. ಒಬ್ಬಾಕೆಗೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯಿತು. ನಂತರ ಹೋಗುವವರು ತಾವಾಗಿಯೇ ಹೋಗತೊಡಗಿದರು.

ಹೋದ ವರ್ಷ ಹುಕ್ಕೇರಿಯ ಹತ್ತಿರದ ಶಾಲೆಗೆ ವರ್ಗ ಕೇಳುವ ಅವಕಾಶ ಬಂದಿತ್ತು. ನಮ್ಮ ಅವ್ವ ಅರ್ಜಿ ಹಾಕೆಂದು ಬಹಳ ಹೇಳಿದಳು. ಹಾಕಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ನಾನು ಇಲ್ಲಿ ಇನ್ನೂ ಕಲಿಯುವುದಿದೆ ಎಂದೆ. ಅವಳಿಗೆ ತಮಾಷೆ ಎನಿಸಿತು.

ಈ ಜುಲೈನಲ್ಲಿ ಎಂಟನೆಯ ತರಗತಿಯ ಹುಡುಗಿಯರನ್ನು ಕೂರಿಸಿ, ಮರೆವ್ವನನ್ನು ಮಾತಾಡಲು ಕರೆದೆ. ಮೊದಲು ಒಲ್ಲೆ ಎಂದರು. ಆಮೇಲೆ ಕೈ ತೊಳೆದು, ತಲೆ ಬಾಚಿಕೊಂಡು ಬಂದರು. ತಮಗೆ ಏನಾಯಿತು, ಎಷ್ಟು ದಿನ ಮುಚ್ಚಿಟ್ಟರು, ಯಾರ ಹತ್ತಿರ ಹೋದರು ಎಂಬುದನ್ನು ನೆಟ್ಟಗೆ ಹೇಳಿದರು. ನಾಚಿಕೆಯಿಂದ ತಲೆ ಬಗ್ಗಿಸಿದ್ದ ಹುಡುಗಿಯರು ಒಬ್ಬೊಬ್ಬರಾಗಿ ತಲೆ ಎತ್ತಿದರು.

ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು, "ಆಯಿ, ನಿನಗ ಅಂಜಿಕಿ ಬರಲಿಲ್ಲ?"

"ಬಂತವ್ವಾ, ಬರದ ಏನು? ಆದ್ರ ಒಳಗ ಏನ ನಡದೈತಿ ಅಂತ ಗೊತ್ತಿತ್ತಲ್ಲ. ಗೊತ್ತಿದ್ರ ಅಂಜಿಕಿ ಇದ್ರೂ ಬಸ್ ಹತ್ತಾಕ ಬರತೈತಿ."

ಇನ್ನೊಬ್ಬಳು ಕೈ ಎತ್ತಿದಳು. ಆಮೇಲೆ ಮತ್ತೊಬ್ಬಳು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ನಾನು ಬಾಗಿಲ ಬಳಿ ನೆಲದ ಮೇಲೆ ಕೂತು ಕೇಳುತ್ತಿದ್ದೆ.