ಹುಣಸೆಹುಳಿಯಲ್ಲಿ ತಿಕ್ಕಿದ ಕಿಲುಬು

ಸುಮಿತ್ರಾ, ನಿನ್ನ ಅಮ್ಮನ ಸಾವಿಗೆ ಕಾರಣ ನಿನ್ನ ಅಪ್ಪನಲ್ಲ — ನಾನು. ಹನ್ನೊಂದು ವರ್ಷ ಇದನ್ನು ಹೇಳಲಿಲ್ಲ. ಮೊದಲು ಹೇಳಬೇಕಾಗಿದ್ದು ನಿನ್ನ ಅಪ್ಪ ದುರ್ಗಣ್ಣನಿಗೆ. ಅವರು ಹೋದ ತಿಂಗಳು ತೀರಿಕೊಂಡ ಮೇಲೆ ಬಾಯಿ ಬಿಡುತ್ತಿದ್ದೇನೆ. ನನ್ನ ಯೋಗ್ಯತೆ ಅಷ್ಟೇ.

ಹೊನ್ನಾವರದಲ್ಲಿ ಲಾರಿ ತೊಳೆಯುತ್ತಿದ್ದವನು ನಾನು, ಹಳೆಯ ಗಾಡಿ ಕೊಂಡು ಮಾರುತ್ತ ಮೇಲೆ ಬಂದೆ. ಗಾಡಿ ಕೊಳ್ಳಲು ಬಂದವರಿಗೆ, ಅವರು ಕೇಳದಿದ್ದರೂ, ಬುದ್ಧಿ ಹೇಳುತ್ತೇನೆ: ಕಡಲ ಬದಿಯ ಗಾಡಿಯಾದರೆ ಮೊದಲು ಫ್ಯೂಸ್ ಬಾಕ್ಸ್ ತೆಗೆದು ನೋಡಿ. ಉಪ್ಪು ಗಾಳಿಗೆ, ಫ್ಯೂಸ್ ಕೂರುವ ಹಿತ್ತಾಳೆ ಕ್ಲಿಪ್ಪುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ನಯವಾದ ಪಾಲಿಶ್ ಕಾಗದದಲ್ಲಿ ಒಂದೊಂದನ್ನೇ ಉಜ್ಜಿ, ಸ್ಪ್ರೇ ಹೊಡೆದು ಒಣಗಿಸಿ. ಕ್ಲಿಪ್ಪು ಸವೆದು ಸಡಿಲವಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬಾಕ್ಸನ್ನೇ ಬದಲಿಸಿ — ಇಷ್ಟೆಲ್ಲ ಆಗಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ನಿಮಗೆ ಕೊಟ್ಟ ಬಿಳಿ ವ್ಯಾನಿನಲ್ಲಿ ವೈಪರಿನ ಫ್ಯೂಸ್ ಕೂರುವ ಕ್ಲಿಪ್ಪು ಅರ್ಧ ಸವೆದಿತ್ತು. ಹೊಸ ಬಾಕ್ಸ್ ಬರಲು ನಾಲ್ಕು ದಿನ ಬೇಕು. ನಿನ್ನ ಅಪ್ಪ ಅಮ್ಮ ಆಗಲೇ ತದಡಿಯಿಂದ ಹೊರಟಾಗಿತ್ತು. ಇವತ್ತು ಕೊಡದಿದ್ದರೆ ಕುಮಟೆಯಲ್ಲಿ ಬೇರೆ ಗಾಡಿ ನೋಡುತ್ತಾರೆ ಎಂದು — ಅಡುಗೆಮನೆಗೆ ಹೋಗಿ ಹುಣಸೆಹಣ್ಣು ತಂದೆ. ದೇವರ ದೀಪ ತಿಕ್ಕುವ ಹಾಗೆ ಉಪ್ಪು ಸೇರಿಸಿ ತಿಕ್ಕಿದೆ. ಹತ್ತೇ ನಿಮಿಷದಲ್ಲಿ ಬಂಗಾರದ ಹೊಳಪು. ದೀಪವನ್ನಾದರೆ ನೀರಿನಲ್ಲಿ ಅದ್ದಿ ತೊಳೆಯುತ್ತೇವೆ. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಸಂದಿಯಲ್ಲಿ ಉಳಿದ ಹುಳಿ ಮಳೆಗಾಲದೊಳಗೆ ಮಿಕ್ಕ ಹಿತ್ತಾಳೆಯನ್ನೂ ತಿನ್ನುತ್ತದೆ ಎಂದು ಗೊತ್ತಿದ್ದೂ.

ನಿನ್ನ ಅಮ್ಮ ಮುಂದಿನ ಸೀಟಿನಲ್ಲಿ ಕೂತವರೇ ಮೂಗೆಳೆದರು.

"ಎಂತ ಮಾರಾಯ್ರೆ, ಗಾಡಿ ಒಳಗೆ ಸಾರು ಕುದ್ಸಿದ್ರಾ? ಹುಳಿ ವಾಸ್ನೆ ಬರ್ತದೆ."

"ಬಂಗ್ಡಿ ಮೀನು ಹಾಕುದೊಂದು ಬಾಕಿ ಮಾದೇವಕ್ಕ, ಅದ್ನ ನೀವೇ ತನ್ನಿ" ಎಂದೆ. ಮೂವರೂ ನಕ್ಕೆವು. ಅವತ್ತು ನಿಜವನ್ನು ಹಿಡಿದವರು ಅವರೊಬ್ಬರೇ.

ದುರ್ಗಣ್ಣ ವೈಪರ್ ಹಾಕಿ ತೋರಿಸಲು ಹೇಳಿದರು. ನಾಲ್ಕು ಸಲ ಆಡಿತು. ನಿಲ್ಲಿಸಿಬಿಟ್ಟೆ. "ಒಣ ಗಾಜಿನ ಮೇಲೆ ಜಾಸ್ತಿ ಓಡಿಸ್ಬಾರ್ದು, ರಬ್ಬರ್ ಹಾಳಾಗ್ತದೆ." ಮಾತು ಸತ್ಯವೇ — ಆದರೆ ಐದು ನಿಮಿಷ ಓಡಿದರೆ ಕ್ಲಿಪ್ಪು ಕಾದು ವೈಪರ್ ನಿಲ್ಲುತ್ತಿತ್ತು. ಅದಕ್ಕೇ ಹೇಳಿದ್ದು.

ಅದೇ ವರ್ಷದ ಮಳೆಗಾಲದ ಆ ಬೆಳಿಗ್ಗೆ, ಮಾರಲು ಮೀನು ಹಾಕಿಕೊಂಡು ಕುಮಟೆಗೆ ಹೊರಟವರಿಗೆ ಮಿರ್ಜಾನದ ಹತ್ತಿರ ಮೊದಲ ಜಡಿಮಳೆ ಸಿಕ್ಕಿತು. ವೈಪರ್ ನಿಂತಿತು. ದುರ್ಗಣ್ಣ ಗಾಡಿಯನ್ನು ಬದಿಗೆ ತೆಗೆಯುವಷ್ಟರಲ್ಲಿ, ಅಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ — ಅಮ್ಮ ಕೂತಿದ್ದ ಬದಿಯೇ.

ಸುದ್ದಿ ತಿಳಿದು ನಾನು ಮೊದಲು ಹೋದದ್ದು ನಿಮ್ಮ ಮನೆಗಲ್ಲ, ಜಖಂ ಆದ ವ್ಯಾನಿನ ಹತ್ತಿರ. ಫ್ಯೂಸ್ ಬಾಕ್ಸ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ನಿಮ್ಮ ಜಗಲಿಗೆ ಬಂದೆ. ದುರ್ಗಣ್ಣ ಏನಾದರೂ ಕೇಳುವ ಮೊದಲೇ ನಾನೇ ಶುರು ಮಾಡಿದೆ:

"ಮೀನಿನ ನೀರು ಒಳಗೆ ಬೀಳ್ದ ಹಾಗೆ ನೋಡ್ಕಳಿ, ವೈರಿಂಗ್ ಹಾಳಾಗ್ತದೆ ಅಂತ ನಾ ಅವತ್ತೇ ಹೇಳಿದ್ನಲ್ಲ ದುರ್ಗಣ್ಣ."

ಮೀನಿನ ಬುಟ್ಟಿ ಇಡುವುದು ಹಿಂದೆ. ಫ್ಯೂಸ್ ಬಾಕ್ಸ್ ಇರುವುದು ಮುಂದೆ, ಸ್ಟೇರಿಂಗ್ ಕೆಳಗೆ. ನೀರು ಅಲ್ಲಿಗೆ ಹತ್ತಿ ಬರುವುದಿಲ್ಲ. ಅವರು ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ —

"ಹೇಳಿರ್ಬೇಕು ನೀವು. ನಂಗೇ ನೆಂಪಿಲ್ಲ."

ಬಾಗಿಲಲ್ಲಿ ನೀನು ನಿಂತಿದ್ದೆ. "ಹೇಳಿದ್ರೂ ಕೇಳ್ಲಿಲ್ಲ ಅಲ್ದಾ ನೀನು?" — ನೀನು ಅಪ್ಪನಿಗೆ ಆಡಿದ ಕೊನೆಯ ಮಾತು ಅದೇ ಇರಬೇಕು. ಮದುವೆಯಾಗಿ ಭಟ್ಕಳಕ್ಕೆ ಹೋದವಳು ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಅವರು ಮತ್ತೆ ಗಾಡಿ ಮುಟ್ಟಲಿಲ್ಲ. ಯಾರಾದರೂ ಸಮಾಧಾನ ಹೇಳಲು ಬಂದರೆ, "ಅವ್ರು ಹೇಳಿದ್ರು, ನಾನೇ ಕೇಳ್ಲಿಲ್ಲ" ಎನ್ನುತ್ತಿದ್ದರಂತೆ. ಹೇಳದೇ ಇದ್ದ ಮಾತನ್ನು ಮರೆತೆನಲ್ಲಾ ಎಂದು ಕೊರಗಿ ಸತ್ತರು.

ಹೋದ ತಿಂಗಳು ಅಪ್ಪನ ಹೆಣ ಇನ್ನೂ ಒಳಗಿರುವಾಗ ನೀನು ಬೇಲಿಯ ದಣಪೆಯ ಆಚೆಯೇ ನಿಂತು ನನಗೆ ಹೇಳಿದೆ: "ನೀವಾದ್ರೂ ಒಂದ್ ಮಾತು ಹೇಳಿದ್ರಿ ಅವತ್ತು. ಆತು, ಇನ್ನೆಂತ." ನಾನು — ಹೌದೆಂದು ತಲೆಯಾಡಿಸಿದೆ. ಎರಡನೆಯ ಸಲ.

ಆ ಬಾಕ್ಸ್ ಇಷ್ಟು ವರ್ಷ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಬಿಸಾಡುವ ಧೈರ್ಯವೂ ಆಗಲಿಲ್ಲ. ನಾಳೆ ಈ ಕಾಗದವನ್ನೂ ಅದನ್ನೂ ಭಟ್ಕಳಕ್ಕೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಯಾರಿಗೆ ತೋರಿಸುತ್ತೀಯೋ ತೋರಿಸು, ಇದರಲ್ಲಿ ಚೌಕಾಶಿ ಇಲ್ಲ. ವೈಪರಿನ ಕ್ಲಿಪ್ಪು ಮತ್ತೆ ಹಸಿರಾಗಿದೆ. ಅದರ ಸಂದಿಯಲ್ಲಿ ಹುಣಸೆಯ ಒಂದು ನಾರು ಒಣಗಿ ಅಂಟಿಕೊಂಡಿದೆ, ನೋಡು.

ನಿನ್ನ ಅಪ್ಪ ಏನನ್ನೂ ಮರೆತಿರಲಿಲ್ಲ, ಸುಮಿತ್ರಾ. ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ.