ಇಬ್ಬರೂ ತಿದ್ದಿಕೊಂಡಾಗ ಕೆಟ್ಟ ಬೆಲ್ಲ

ಗೆಳೆಯರೇ, ಚಿನಕುರಳಿಯ ನಮ್ಮ ಆಲೆಮನೆಯಲ್ಲಿ ಇವತ್ತು ಒಂದು ಕೊಪ್ಪರಿಗೆ ಬೆಲ್ಲ ಗಟ್ಟಿಯಾಗದೆ ಜೋನಿಯಾಗಿಯೇ ಉಳಿಯಿತು. ಅದೂ ಇಮ್ತಿಯಾಜಣ್ಣನ ಮಗಳ ಮದುವೆಗೆಂದು ಇಟ್ಟ ಪಾಕ!

ನಿನ್ನೆ ಪಾಕ ಸೀದುಹೋಗಿತ್ತು. ನಾನು ತೆಗೆದಿದ್ದ ಅದರ ವಿಡಿಯೋವನ್ನು ಒಲೆ ಉರಿಸುವ ಇಮ್ತಿಯಾಜಣ್ಣನಿಗೂ ಪಾಕ ನೋಡುವ ಸಿದ್ದೇಗೌಡರಿಗೂ ಬೇರೆಬೇರೆಯಾಗಿ ಕಳಿಸಿದ್ದೆ. ಅದನ್ನು ನೋಡಿಕೊಂಡು ಇವತ್ತು ಇಮ್ತಿಯಾಜಣ್ಣ ಉರಿ ತಗ್ಗಿಸಿದ, ಗೌಡರು ಕೊಪ್ಪರಿಗೆಯನ್ನು ಬೇಗ ಇಳಿಸಿಬಿಟ್ಟರು. ಇನ್ನೊಬ್ಬ ನಿನ್ನೆಯಂತೆಯೇ ಮಾಡುತ್ತಾನೆ ಎಂದು ಇಬ್ಬರೂ ನಂಬಿದ್ದರು.

"ಉರಿ ಕಮ್ಮಿ ಮಾಡಿವ್ನಿ ಅಂತ ಒಂದ್ ಮಾತು ಯೋಳಕ್ಕಾಗ್ಲಿಲ್ವೇನ್ಲಾ?" ಎಂದು ಗೌಡರು ರೇಗಿದರು.

"ನಿನ್ ಹದದ್ ಮ್ಯಾಲೆ ನಂಗೆ ನಂಬ್ಕೆ ಇಲ್ಲ ಅಂದ್ಕೊಂಡು ನಿಂಗೆ ಬೇಜಾರಾಯ್ತದೆ ಅಂತ ಸುಮ್ಕಿದ್ದೆ ಕಣ್ಲಾ ಗೌಡ. ಬೇಗ ಇಳಿಸ್ತೀನಿ ಅಂತ ನೀನ್ಯಾಕ್ಲಾ ಯೋಳ್ಲಿಲ್ಲ?"

ಗೌಡರ ದನಿ ತಗ್ಗಿತು. "ನಾನೂ ಅದ್ಕೇ ಕಣ್ಲಾ. ಬಾ, ಮದ್ವೆಗೆ ಇನ್ನೊಂದ್ ಕೊಪ್ಪರ್ಗೆ ಇಕ್ಕಾನ."

ಹಳೆಯ ದಾಖಲೆಗಳನ್ನಷ್ಟೇ ನೋಡಿ ಒಂದಕ್ಕೊಂದು ಹೊಂದಿಕೊಂಡು ದುಡಿಯುವುದನ್ನು ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಕಲಿಸುವುದು ನನ್ನ ಕೆಲಸ. ಅವೂ ಥೇಟ್ ಹೀಗೇ, ಇನ್ನೊಂದು ಬದಲಾಗದು ಎಂದುಕೊಂಡು ಎರಡೂ ಒಟ್ಟಿಗೇ ತಿದ್ದಿಕೊಂಡು ಎಡವುತ್ತವೆ. ಆದರೆ ಜೊತೆಯವನಿಗೆ ಬೇಜಾರಾದೀತೆಂದು ಬಾಯಿ ಮುಚ್ಚಿಕೊಂಡ ಪ್ರೋಗ್ರಾಂ ಒಂದನ್ನೂ ನಾನಿನ್ನೂ ಕಂಡಿಲ್ಲ.